ಐದು ತಬ್ಬಿನಲ್ಲಿ ನಾಲ್ಕು

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ರಸ್ತೆಯಲ್ಲಿ, ನಾಲೆಯ ಸೇತುವೆ ದಾಟಿದ ಮೇಲೆ ಎಡಕ್ಕೆ ಚಲುವರಾಜುವಿನ ಆಲೆಮನೆ ಇದೆ. ಅಲ್ಲಿ ಬೆಲ್ಲದ ಒಲೆಗೆ ಉರಿ ಹಾಕುವ ಕೆಲಸ ಕುಳ್ಳಯ್ಯನದು. ಹೆಸರು ಕುಳ್ಳಯ್ಯನಾದರೂ ಆಳು ಎತ್ತರ. ಒಲೆಯ ಬಾಯಿಗೆ ಬಗ್ಗಿ ಬಗ್ಗಿ ಬೆನ್ನು ಬಾಗಿ, ಐವತ್ತಾರನೆಯ ವಯಸ್ಸಿಗೆ ಹೆಸರಿಗೆ ತಕ್ಕವನಾಗಿದ್ದ.

ಹುಟ್ಟಿದ್ದು ಅಕ್ಕಿಹೆಬ್ಬಾಳಿನಲ್ಲಿ. ಹದಿನಾರು ವರ್ಷದವನಿದ್ದಾಗ ಸೋದರಮಾವನ ಹಿಂದೆ ಈ ಆಲೆಮನೆಗೆ ಬಂದ. ಆಗ ಚಲುವರಾಜುವಿನ ತಂದೆ ಮರಿಸ್ವಾಮಿಯವರ ಕಾಲ. ಸೋದರಮಾವ ಮೊದಲ ಒಂದು ತಿಂಗಳು ಒಲೆ ಮುಟ್ಟಲು ಬಿಡಲಿಲ್ಲ. ಒಲೆಯ ಮುಂದಿನ ಗುಂಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ಕಣ್ಮುಚ್ಕಂಡು ಕೇಳ್ಲಾ. ಉರಿ ಮಾತಾಡ್ತದೆ" ಎಂದಿದ್ದ. ಮೊದಮೊದಲು ಏನೂ ಕೇಳುತ್ತಿರಲಿಲ್ಲ. ಆಮೇಲಾಮೇಲೆ ಎಲ್ಲವೂ ಕೇಳತೊಡಗಿತು. ರಸ ಕಾಯುವಾಗಿನ ಉರಿಗೆ ಒಂದು ದನಿ, ರಸದ ಕೊಳೆ ಮಡ್ಡಿಯಾಗಿ ಮೇಲೆ ಬರುವಾಗಿನ ಉರಿಗೆ ಇನ್ನೊಂದು, ಪಾಕ ಏರುವ ಹೊತ್ತಿಗೆ ಬೇರೆಯದೇ. ಮೇಲೆ ಕೊಪ್ಪರಿಗೆಯ ಹತ್ತಿರ ನಿಂತ ಪಾಕದವನು ಕೂಗಿ ಹೇಳುವ ಮೊದಲೇ ಕುಳ್ಳಯ್ಯ ಕೆಳಗೆ ಉರಿ ಇಳಿಸಿರುತ್ತಿದ್ದ. ನಲವತ್ತು ವರ್ಷದಲ್ಲಿ ಅವನ ಒಲೆಯ ಮೇಲೆ ಒಂದು ಕೊಪ್ಪರಿಗೆ ಪಾಕವೂ ಸೀದಿರಲಿಲ್ಲ. ಸುತ್ತಮುತ್ತಲ ಆಲೆಮನೆಯವರು ಇದನ್ನು ಒಪ್ಪುತ್ತಿದ್ದರು. ಅವನಿಗೂ ಗೊತ್ತಿತ್ತು. ಅದರ ಬಗ್ಗೆ ಒಂದಿಷ್ಟು ಜಂಬವೂ ಇತ್ತು.

ಮದುವೆಯಾದ ಮೇಲೆ ಆಲೆಮನೆಯ ಹಿಂದೆಯೇ, ಮೂವತ್ತು ಹೆಜ್ಜೆ ದೂರದಲ್ಲಿ, ಮರಿಸ್ವಾಮಿಯವರು ಒಂದು ಹೆಂಚಿನ ಮನೆ ಕೊಟ್ಟರು. ಹೆಂಡತಿ ಕುಳ್ಳಮ್ಮ ಹಗಲೆಲ್ಲ ಅಂಗಳದಲ್ಲಿ ರಚ್ಚು ಒಣಗಿಸುತ್ತಿದ್ದಳು. ರಚ್ಚು ಎಂದರೆ ಗಾಣದಲ್ಲಿ ರಸ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಅದೇ ಒಣಗಿ ಒಲೆಗೆ ಹೋಗುವುದು. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಹೊಗೆ ನೇರ ಮನೆಯ ಮೇಲೆಯೇ ಹಾದುಹೋಗುತ್ತಿತ್ತು. ಮಗಳು ಸ್ನೇಹ ಆ ಹೊಗೆಯಲ್ಲೇ ಬೆಳೆದು, ಓದಿ, ಈಗ ಶ್ರೀರಂಗಪಟ್ಟಣದಲ್ಲಿ ಅಂಗನವಾಡಿ ಟೀಚರು. ಅಳಿಯನದು ಅಲ್ಲೇ ಸೈಕಲ್ ಶಾಪು.

ಟೈರು ಬಂದದ್ದು ಹತ್ತು ಹನ್ನೆರಡು ವರ್ಷದ ಈಚೆಗೆ. ಮಳೆಗಾಲದಲ್ಲಿ ರಚ್ಚು ಒಣಗುವುದಿಲ್ಲ. ಒಣಗಿದ್ದಕ್ಕೂ ಹೊರಗಡೆ ಗಿರಾಕಿ ಹುಟ್ಟಿಕೊಂಡು ಒಲೆಗೆ ಸಾಲದಾಗಿತ್ತು. ಎಲ್ಲ ಆಲೆಮನೆಗಳಿಗೂ ಟ್ರಾಕ್ಟರಿನಲ್ಲಿ ಹಳೇ ಟೈರು, ಚಪ್ಪಲಿ ಫ್ಯಾಕ್ಟರಿಯ ರಬ್ಬರು ತುಂಡು, ಪ್ಲಾಸ್ಟಿಕ್ಕು ಬಂದು ಬೀಳತೊಡಗಿತು. ಚಲುವರಾಜುವಿನ ಆಲೆಮನೆಗೂ ಬಂತು. ಕುಳ್ಳಯ್ಯನಿಗೆ ಆ ಉರಿ ಇಷ್ಟವಾಗಲಿಲ್ಲ. ಅದು ಮಾತಾಡುತ್ತಿರಲಿಲ್ಲ, ಅರಚುತ್ತಿತ್ತು. ಆದರೂ ಹಾಕಿದ. ಎಲ್ಲರೂ ಹಾಕುತ್ತಿದ್ದರು. ಹೊಗೆ ಬೂದುಬಣ್ಣ ಹೋಗಿ ಕಪ್ಪಾಯಿತು. ಅಷ್ಟೇ ತಾನೆ ಎಂದುಕೊಂಡ.

ಎರಡು ವರ್ಷದ ಕೆಳಗೆ, ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಒಬ್ಬಳು ಹುಡುಗಿ ಬಂದಳು. ಹೆಸರು ಹೇಮಶ್ರೀ. ನಾಗಮಂಗಲದ ಹತ್ತಿರ ಬಿಂಡಿಗನವಿಲೆಯವಳು, ಕುರಿ ಸಾಕುವವರ ಮನೆಯ ಮಗಳು, ಇಂಜಿನಿಯರಿಂಗ್ ಮುಗಿಸಿ ಕಾಲೇಜಿನಲ್ಲೇ ಒಲೆಗಳ ಮೇಲೆ ಕೆಲಸ ಮಾಡುತ್ತಿದ್ದಳು. ಆಲೆಮನೆಗಳ ಹೊಗೆ ಕಡಿಮೆ ಮಾಡುವ ಯೋಜನೆಯೊಂದು ಬಂದಿತ್ತು. ಮೊದಲು ಹಳೇ ಒಲೆ ಎಷ್ಟು ಉರಿಸುತ್ತದೆ ಎಂದು ಅಳೆಯಬೇಕಿತ್ತು. ಚಲುವರಾಜು ಅಳೆಯುವುದಕ್ಕೆ ಒಪ್ಪಿದ. ಹೊಸ ಒಲೆ ಕಟ್ಟಿಸುವ ಮಾತಿಗೆ ಮಾತ್ರ, "ಅದು ಆಮ್ಯಾಕೆ ನೋಡನ ಕಣಮ್ಮ" ಎಂದು ನಕ್ಕು ಸುಮ್ಮನಾದ.

ಮೂರು ದಿನ ಹೇಮಶ್ರೀ ಗುಂಡಿಯ ಪಕ್ಕ ತಕ್ಕಡಿ ಇಟ್ಟುಕೊಂಡು ಕೂತಳು. ಕುಳ್ಳಯ್ಯ ಎರಡೂ ತೋಳಿನಲ್ಲಿ ಬಾಚಿ ಒಲೆಗೆ ಹಾಕುವ ಪ್ರತಿ ತಬ್ಬು ರಚ್ಚನ್ನೂ ತೂಗಿದಳು. ಹೊಗೆ ಕೊಳವೆಗೆ ಒಂದು ಕಡ್ಡಿಯಂಥ ಯಂತ್ರ ತೂರಿಸಿದಳು. ಕುಳ್ಳಯ್ಯನಿಗೆ ಇದೆಲ್ಲ ತಮಾಷೆ.

"ತೂಗವ್ವ, ತೂಗು. ನನ್ನಷ್ಟು ಕಡ್ಮೆ ಉರೀಲಿ ಬೆಲ್ಲ ಇಳ್ಸೋನು ಈ ತಾಲೂಕ್ನಲ್ಲೇ ಇಲ್ಲ" ಎಂದ.

ಬಿಡುವಿನಲ್ಲಿ ಟೀ ಕುಡಿಯುವಾಗ ಪಾಕದ ಧರ್ಮೇಂದ್ರ, ಇದೆಲ್ಲ ಯಾಕೆ ಎಂದು ಕೇಳಿದ. ನಲವತ್ತು ದಾಟಿದ, ಕುಳ್ಳಯ್ಯನನ್ನು ಮಾವ ಎಂದು ಕರೆಯುವ ಮಾತಿನ ಮಲ್ಲ. ಹೇಮಶ್ರೀ ಹೇಳಿದಳು: ಭೂಮಿ ಕಾಯುತ್ತಿದೆ, ದೇಶದೇಶಗಳೆಲ್ಲ ಹೊಗೆ ಕಡಿಮೆ ಮಾಡಲು ಒಪ್ಪಿವೆ. ಎಷ್ಟು ಹೊಗೆ ಮೇಲೆ ಬಿಡುತ್ತೇವೋ ಅಷ್ಟನ್ನೂ ಮರಗಿಡ ಹೀರಿಕೊಂಡು ಲೆಕ್ಕ ಸಮವಾಗಬೇಕು. ನಮ್ಮ ದೇಶ ಎರಡು ಸಾವಿರದ ಎಪ್ಪತ್ತನೇ ಇಸವಿಗೆ ಅಲ್ಲಿಗೆ ಮುಟ್ಟುತ್ತೇನೆ ಎಂದಿದೆ.

"ಎಪ್ಪತ್ತಕ್ಕಾ?" ಕುಳ್ಳಯ್ಯ ನಕ್ಕ. "ಅಷ್ಟೊತ್ಗೆ ನಾನೇ ಹೊಗೆ ಆಗೋಗಿರ್ತೀನಿ ಬುಡವ್ವ."

ಧರ್ಮೇಂದ್ರ ನಗಲಿಲ್ಲ. "ಅಲ್ಲ ಕಣಮ್ಮ, ಇಮಾನ ಅತ್ತೋರು, ಮನೆಗೆ ನಾಕು ಕಾರು ಮಡಿಕಂಡೋರು, ಅವ್ರೆಲ್ಲ ಬುಟ್ಟು ಬೆಲ್ಲ ಬೇಯ್ಸೋರ ತಾವ್ಕೇ ಬಂದ್ರಾ?"

ಹೇಮಶ್ರೀ ಲೋಟ ಕೆಳಗಿಟ್ಟಳು. "ಅವರ ಹತ್ರಾನೂ ಹೋಗ್ಬೇಕು ಅಣ್ಣ. ನೀವು ಹೇಳೋದು ಸರಿ. ನಂಗೆ ಒಲೆ ಗೊತ್ತು, ಅದಕ್ಕೆ ನಾನು ಒಲೆ ಹತ್ರ ಬಂದೆ." ಪಕ್ಕದಿಂದ ರಚ್ಚಿನ ಎಳೆಯೊಂದನ್ನು ಎತ್ತಿ ತೋರಿಸಿ ಮತ್ತೆ ಅಂದಳು: "ಕಬ್ಬಿನ ರಚ್ಚು ಉರಿಸಿದ ಹೊಗೇನ ಮುಂದಿನ ವರ್ಷದ ಕಬ್ಬೇ ಕುಡಿದುಬಿಡುತ್ತೆ. ಗಾಳಿಗೆ ಬಿಟ್ಟಿದ್ದು ಗದ್ದೆಗೇ ವಾಪಸ್ ಬರುತ್ತೆ. ಆದ್ರೆ ಟೈರು ಭೂಮಿಯೊಳಗಿನ ಎಣ್ಣೆಯಿಂದ ಬಂದಿದ್ದು. ಅದರ ಹೊಗೇನ ಕುಡಿಯೋರು ಯಾರೂ ಇಲ್ಲ."

ಮೂರನೆಯ ದಿನ ಸಂಜೆ ಕುಳ್ಳಯ್ಯ ತಾನೇ ಹೋಗಿ ಕೇಳಿದ. "ಏನವ್ವ, ಏನಂತದೆ ನಿನ್ ಮಿಶನ್ನು? ನಂದು ಪಾಸಾ?"

ಅವಳು ಹೇಳಲು ಹಿಂಜರಿದಳು. ಆಮೇಲೆ ಪಕ್ಕದಲ್ಲಿ ಬಿದ್ದಿದ್ದ ರಚ್ಚಿನಿಂದ ಐದು ಸಣ್ಣ ಗುಡ್ಡೆ ಮಾಡಿದಳು. ಒಂದನ್ನು ಅವನ ಕಡೆ ಸರಿಸಿದಳು. "ನೀವು ಐದು ತಬ್ಬು ಹಾಕಿದ್ರೆ ಕೊಪ್ಪರಿಗೆಗೆ ಮುಟ್ಟೋದು ಇದೊಂದೇ ತಬ್ಬಿನ ಶಾಖ. ಉಳಿದ ನಾಲ್ಕು ಗೋಡೆಗೆ, ನೆಲಕ್ಕೆ, ಆ ಕೊಳವೆಗೆ. ಅರ್ಧಂಬರ್ಧ ಉರಿದು ಹೊಗೆಯಾಗಿ ಹೋಗುತ್ತೆ."

ಕುಳ್ಳಯ್ಯ ಆ ಗುಡ್ಡೆಗಳನ್ನೇ ನೋಡುತ್ತ ನಿಂತ. ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಲೆಕ್ಕ ಹಾಕತೊಡಗಿದ. ನಲವತ್ತು ವರ್ಷ. ದಿನಕ್ಕೆ ಅಷ್ಟು ಕೊಪ್ಪರಿಗೆ. ಅದರಲ್ಲಿ ಐದಕ್ಕೆ ನಾಲ್ಕು ಪಾಲು ಆಕಾಶಕ್ಕೆ ಹಾಕಿದ್ದನೇ?

"ಸುಳ್ಳು" ಎಂದ. "ನಿನ್ ಮಿಶನ್ನು ಕೆಟ್ಟೋಗದೆ ಕಣವ್ವ. ನನ್ನ ಬೆಂಕಿ ಬಗ್ಗೆ ಅಂಗನ್ಬ್ಯಾಡ."

"ನಿಮ್ಮ ತಪ್ಪಲ್ಲ ಇದು. ಒಲೆ ಕಟ್ಟಿರೋದೇ ಹಾಗೆ. ಬೇರೆ ಕಡೆ ಇನ್ನೂ ಮೋಸ. ನಿಮ್ಮದೇ ವಾಸಿ."

ಅದು ಅವನ ಕಿವಿಗೆ ಬೀಳಲಿಲ್ಲ. ಗುಂಡಿಗೆ ಇಳಿದು ಕೂತ.

ಸಂಕ್ರಾಂತಿ ಹೊತ್ತಿಗೆ ಕುಳ್ಳಮ್ಮನ ಕೆಮ್ಮು ಜಾಸ್ತಿಯಾಯಿತು. ಕೆಮ್ಮು ಅವಳಿಗೆ ಹೊಸದಲ್ಲ. ಆರೇಳು ವರ್ಷದಿಂದ ಚಳಿಗಾಲದಲ್ಲಿ ಬರುತ್ತಿತ್ತು, ಬೇಸಿಗೆಯಲ್ಲಿ ಹೋಗುತ್ತಿತ್ತು. ಈ ಸಲ ಕೊಡ ಹೊತ್ತು ನಲ್ಲಿಯಿಂದ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಿದ್ದಳು. ಹಬ್ಬಕ್ಕೆ ಬಂದ ಸ್ನೇಹ ಅವ್ವನನ್ನು ನೋಡಿ ಹೌಹಾರಿದಳು. ಮರುದಿನವೇ ಅಪ್ಪ ಅವ್ವ ಇಬ್ಬರನ್ನೂ ಬಸ್ಸಿಗೆ ಹತ್ತಿಸಿಕೊಂಡು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ವಯಸ್ಸಾದ ಹೆಂಗಸು. ಎಕ್ಸ್‌ರೇ ತೆಗೆಸಿದರು. ಒಂದು ಕೊಳವೆಗೆ ಜೋರಾಗಿ ಊದಲು ಹೇಳಿದರು. ಕುಳ್ಳಮ್ಮ ಮೂರು ಸಲ ಊದಿದಳು. ಯಂತ್ರದ ಮುಳ್ಳು ಸ್ವಲ್ಪ ಅಲ್ಲಾಡಿ ಕೆಳಗೆ ಬಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಬೀಡಿ ಎಷ್ಟು ವರ್ಷದಿಂದ ಸೇದ್ತೀಯಮ್ಮ?" ಎಂದು ಕೇಳಿದರು.

ಕುಳ್ಳಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅಯ್ ನಮ್ಮವ್ವ, ನಾನ್ಯಾಕೆ ಬೀಡಿ ಸೇದ್ಲಿ!"

"ಮನೇಲಿ ಯಾರು ಸೇದ್ತಾರೆ?"

"ಯಾರೂ ಇಲ್ಲ. ಇವ್ರೂ ಮುಟ್ಟಕ್ಕಿಲ್ಲ."

ಡಾಕ್ಟರು ಕುಳ್ಳಯ್ಯನ ಕಡೆ ತಿರುಗಿದರು. "ನೀವು ಏನು ಕೆಲಸ ಮಾಡ್ತೀರಿ?"

"ಆಲೆಮನೇಲಿ ಉರಿ ಆಕ್ತೀನಿ."

"ಏನು ಹಾಕ್ತೀರಿ ಉರಿಗೆ?"

ಕುಳ್ಳಯ್ಯ ಬಾಯಿ ತೆರೆದ. ರಚ್ಚು ಎನ್ನಬೇಕೆಂದುಕೊಂಡ. ಬಂದದ್ದು ಬೇರೆ. "ಟೈರು" ಎಂದ.

"ಮನೆ ಎಷ್ಟು ದೂರ?"

"ಅಲ್ಲೇ. ಮೂವತ್ತು ಎಜ್ಜೆ."

ಡಾಕ್ಟರು ಬಯ್ಯಲಿಲ್ಲ. ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟು, ಈ ಪುಪ್ಪುಸ ಇಪ್ಪತ್ತು ಮೂವತ್ತು ವರ್ಷ ಬೀಡಿ ಸೇದಿದವರ ಪುಪ್ಪುಸದ ಹಾಗಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಮೆಲ್ಲಗೆ ತಿಳಿಸಿದರು. ಎಳೆದುಕೊಳ್ಳುವ ಔಷಧಿಯ ಪಂಪು ಬರೆದುಕೊಟ್ಟರು. ಹೊಗೆಯಿಂದ ದೂರ ಇಡಿ ಎಂದರು. ಸ್ನೇಹ ತಲೆಯಾಡಿಸುತ್ತಿದ್ದಳು. ಕುಳ್ಳಮ್ಮ ಪಂಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅವಳಿಗೆ ಎಷ್ಟು ಅರ್ಥವಾಯಿತೋ.

ಕುಳ್ಳಯ್ಯ ಎದ್ದು ಹೊರಗೆ ಬಂದ. ಆಸ್ಪತ್ರೆಯ ಜಗಲಿಯಲ್ಲಿ ಜನ ಓಡಾಡುತ್ತಿದ್ದರು. ಅವನಿಗೆ ಯಾವ ಸದ್ದೂ ಕೇಳಲಿಲ್ಲ. ಟೈರಿನ ಹೊಗೆಯನ್ನು ಕುಡಿಯುವವರು ಯಾರೂ ಇಲ್ಲ ಎಂದಿದ್ದಳು ಆ ಹುಡುಗಿ. ಇದ್ದಳು. ಮೂವತ್ತು ಹೆಜ್ಜೆ ದೂರದಲ್ಲಿ ಕೂತು, ಅಂಗಳದಲ್ಲಿ ರಚ್ಚು ಹರವುತ್ತ, ಅವನಿಗೆ ಮಧ್ಯಾಹ್ನದ ಮುದ್ದೆ ತಿರುವುತ್ತ, ಅಷ್ಟನ್ನೂ ಕುಡಿಯುತ್ತಿದ್ದಳು. ಅವನು ಇಷ್ಟು ವರ್ಷ ಉರಿ ಹಾಕಿದ್ದು ಹೆಂಡತಿಯ ಎದೆಗೆ.

ಗೋಡೆಗೆ ಕೈಕೊಟ್ಟು ನಿಂತ. ಆಮೇಲೆ ಅಲ್ಲೇ ಕೂತ. ಯಾರೋ, "ಏನಾಯ್ತು ಯಜಮಾನ್ರೆ, ನೀರು ಬೇಕಾ?" ಎಂದರು. ಬೇಡವೆಂದು ಕೈಯಾಡಿಸಿದ.

ಕುಳ್ಳಮ್ಮನನ್ನು ಸ್ನೇಹ ತನ್ನ ಮನೆಯಲ್ಲೇ ಉಳಿಸಿಕೊಂಡಳು. ಕುಳ್ಳಯ್ಯ ಒಬ್ಬನೇ ಊರಿಗೆ ಬಂದ. ಮಾರನೆಯ ಬೆಳಿಗ್ಗೆ ಆಲೆಮನೆಗೆ ಹೋದಾಗ ಟ್ರಾಕ್ಟರು ಬಂದು ನಿಂತಿತ್ತು. ಹಿಂದಿನ ಟ್ರೇಲರಿನ ತುಂಬ ಸೀಳಿದ ಟೈರು. ಡ್ರೈವರು ಹಿಂಬದಿಯ ಹಲಗೆ ತೆಗೆಯುತ್ತಿದ್ದ. ಗಾಣದಲ್ಲಿ ಕಬ್ಬು ಆಡುತ್ತಿತ್ತು, ರಸ ಕೊಪ್ಪರಿಗೆಗೆ ಬೀಳುತ್ತಿತ್ತು.

"ಇಳುಸ್ಬ್ಯಾಡ ಕಣ್ಲಾ" ಎಂದ ಕುಳ್ಳಯ್ಯ.

ಡ್ರೈವರು ಅವನ ಮುಖ ನೋಡಿದ. ಚಲುವರಾಜು ಒಳಗಿನಿಂದ ಬಂದ. ಮಗುವಾಗಿದ್ದಾಗ ಇದೇ ಗುಂಡಿಯ ಪಕ್ಕ ಕೂತು ಕುಳ್ಳಯ್ಯನ ಕೈಯಿಂದ ಬಿಸಿ ಬೆಲ್ಲ ತಿಂದು ಬೆಳೆದವನು, ಈಗಲೂ ಅವನನ್ನು ಅಣ್ಣನೆಂದೇ ಕರೆಯುತ್ತಿದ್ದ. "ಯಾಕ್ ಕುಳ್ಳಣ್ಣ? ಏನಾಯ್ತು?"

"ನಾನು ಇದ್ನ ಒಲೆಗೆ ಆಕಕ್ಕಿಲ್ಲ ಗೌಡ್ರೆ."

ಧರ್ಮೇಂದ್ರ ಕೈಯಲ್ಲಿದ್ದ ಜಾಲರಿ ಹಾಗೇ ಹಿಡಿದು ನಿಂತ. ಈ ನಲವತ್ತು ವರ್ಷದಲ್ಲಿ ಕುಳ್ಳಯ್ಯ ಯಜಮಾನನಿಗೆ ಆಗಲ್ಲ ಎಂದದ್ದನ್ನು ಯಾರೂ ಕೇಳಿರಲಿಲ್ಲ. ಕುಳ್ಳಯ್ಯನೂ ಕೇಳಿರಲಿಲ್ಲ. ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆಚ್ಚಿದ್ದ.

"ಏನ್ ಮಾತಾಡ್ತಿದ್ದೀಯಾ? ಒಣಗಿರೋ ರಚ್ಚು ಎಲ್ಲೈತೆ? ಗದ್ದೇಲಿ ಕಬ್ಬು ಕಡ್ದಾಗದೆ. ಇನ್ನೆರಡು ದಿನ ಬುಟ್ರೆ ಉಳಿ ಬತ್ತದೆ."

"ಬರ್ಲಿ ಬುಡಿ."

"ಬೇರೆಯೋರ್ನ ಇಟ್ಕತೀನಿ!"

"ಇಟ್ಕಳಿ" ಎಂದ ಕುಳ್ಳಯ್ಯ. ಆಮೇಲೆ ಹೆಗಲ ಮೇಲಿದ್ದ ಚೀಲದಿಂದ ದೊಡ್ಡ ಕವರು ತೆಗೆದ. ಅದರೊಳಗಿಂದ ಕಪ್ಪನೆಯ ಎಕ್ಸ್‌ರೇ ಹಾಳೆ ಎಳೆದು ಚಲುವರಾಜುವಿನ ಕೈಗಿಟ್ಟ. "ಇದು ನನ್ ಎಂಡ್ರು ಎದೆ. ಬೀಡಿ ಸೇದ್ತೀಯಾ ಅಂತ ಕೇಳುದ್ರು ಡಾಕ್ಟ್ರು. ಅವ್ಳು ನಕ್ಬುಟ್ಲು ಕಣಪ್ಪಾ."

ಚಲುವರಾಜುವಿಗೆ ಎಕ್ಸ್‌ರೇ ನೋಡಲು ಬರುತ್ತಿರಲಿಲ್ಲ. ಆದರೂ ಅದನ್ನು ಸೂರ್ಯನಿಗೆ ಹಿಡಿದು ಬಹಳ ಹೊತ್ತು ನೋಡಿದ. ಅವನ ತಾಯಿ ಸೋಮಮ್ಮ ಮೂರು ವರ್ಷದ ಹಿಂದೆ ಹೀಗೇ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದರು. ವಯಸ್ಸಾಗಿತ್ತು ಎಂದು ಎಲ್ಲರೂ ಸಮಾಧಾನ ಹೇಳಿದ್ದರು. ಅವರ ಮನೆಯೂ ಆಲೆಮನೆಗೆ ದೂರವಲ್ಲ. ಹಾಳೆಯನ್ನು ಮಡಚದೆ, ಜೋಪಾನವಾಗಿ ಕವರಿಗೆ ಹಾಕಿ ವಾಪಸ್ಸು ಕೊಟ್ಟ. ಟ್ರಾಕ್ಟರಿನವನ ಕಡೆ ತಿರುಗಿ, "ತಗಂಡೋಗಯ್ಯ" ಎಂದ.

ಕಡಿದಿದ್ದ ಕಬ್ಬು ಫ್ಯಾಕ್ಟರಿಗೆ ಹೋಯಿತು. ಚಲುವರಾಜು ಅದೇ ವಾರ ಹೇಮಶ್ರೀಗೆ ಫೋನು ಮಾಡಿದ.

ಹೊಸ ಒಲೆ ಕಟ್ಟಲು ಒಂದೂವರೆ ತಿಂಗಳು ಹಿಡಿಯಿತು. ಒಂದು ಕೊಪ್ಪರಿಗೆ ಇದ್ದ ಕಡೆ ಎರಡು. ಮುಂದಿನದರಲ್ಲಿ ಪಾಕ; ಅದರಡಿಯಿಂದ ಹಾದುಹೋಗುವ ಶಾಖ ಸುಮ್ಮನೆ ಕೊಳವೆಗೆ ಹೋಗದೆ ಹಿಂದಿನ ಕೊಪ್ಪರಿಗೆಯ ಹಸಿ ರಸವನ್ನು ಬಿಸಿ ಮಾಡುತ್ತದೆ. ಒಲೆಯ ತಳದಲ್ಲಿ ಕಬ್ಬಿಣದ ಸರಳುಗಳು, ಕೆಳಗಿನಿಂದ ಗಾಳಿ ಬರಲು ಕಿಂಡಿ. ಹೊಗೆ ಕೊಳವೆ ತೆಂಗಿನ ಮರದಷ್ಟು ಎತ್ತರ. ಒಲೆಯ ಬಾಯಿಗೆ ಮುಚ್ಚಳ. ಗಾರೆಯವರ ಜೊತೆ ಕುಳ್ಳಯ್ಯನೂ ಇಟ್ಟಿಗೆ ಹೊತ್ತ. ಹೇಮಶ್ರೀಯೊಂದಿಗೆ ಹೆಚ್ಚು ಮಾತಾಡಲಿಲ್ಲ. ಅವಳ ಮೇಲೆ ಸಿಟ್ಟೇನೂ ಉಳಿದಿರಲಿಲ್ಲ. ಅವಳನ್ನು ಕಂಡರೆ ಆ ಐದು ಗುಡ್ಡೆಗಳ ನೆನಪಾಗುತ್ತಿತ್ತು, ಅಷ್ಟೇ.

ಒಲೆ ಹೊತ್ತಿಸುವ ದಿನ ಬಂತು. ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ರಸ ತುಂಬಿಸಿದರು. ಹೇಮಶ್ರೀ ಗುಂಡಿಯ ಅಂಚಿನಲ್ಲಿ ನಿಂತು ಹೇಳಿದಳು: "ಒಂದೊಂದೇ ತಬ್ಬು ಹಾಕಿ. ಹಾಕಿ ಮುಚ್ಚಳ ಮುಚ್ಚಿ. ಸಾಕಾಗಲ್ಲ ಅನ್ಸಿದ್ರೂ ತಡೀರಿ."

ಕುಳ್ಳಯ್ಯ ಹಾಕಿದ. ಮುಚ್ಚಳ ಮುಚ್ಚಿದ. ಕಿವಿಗೊಟ್ಟು ಕೇಳಿದ. ಏನೂ ಇಲ್ಲ. ನಲವತ್ತು ವರ್ಷ ಅವನೊಂದಿಗೆ ಮಾತಾಡಿದ ಉರಿಯ ಒಂದು ಸದ್ದೂ ಇಲ್ಲ. ಇನ್ನೊಂದು ತಬ್ಬು ಹಾಕಿ ಗುಂಡಿಯಿಂದ ಮೇಲೆ ಬಂದು ಕೊಳವೆಯ ಕಡೆ ಕಣ್ಣೆತ್ತಿದ. ಹೊಗೆಯೇ ಇರಲಿಲ್ಲ. ಕೊಳವೆಯ ತುದಿಯಲ್ಲಿ ಗಾಳಿ ಬಿಸಿಲ್ಗುದುರೆಯಂತೆ ಸ್ವಲ್ಪ ನಡುಗುತ್ತಿತ್ತು. ಅದರಾಚೆ ಬರೀ ನೀಲಿ ಆಕಾಶ.

ಒಲೆ ಆರಿಹೋಯಿತು ಎಂದುಕೊಂಡ ಕುಳ್ಳಯ್ಯ. ಊರವರೆಲ್ಲ ನೋಡಲು ಬಂದ ದಿನವೇ, ತನ್ನ ಕೈಯಲ್ಲೇ. ಗುಂಡಿಗೆ ಧುಮುಕಿ, ಮುಚ್ಚಳ ಕಿತ್ತೆಸೆದು, ಒಂದರ ಹಿಂದೊಂದು ಆರು ತಬ್ಬು ರಚ್ಚು ನುಗ್ಗಿಸಿದ. ಹೇಮಶ್ರೀ ಆ ಹೊತ್ತಿಗೆ ಹಿಂದಿನ ಕೊಪ್ಪರಿಗೆಯ ಹತ್ತಿರ ಇದ್ದಳು.

ಒಲೆ ಆರಿರಲಿಲ್ಲ. ಒಳಗೆ ಬೆಳ್ಳಗೆ, ಸದ್ದಿಲ್ಲದೆ, ಅವನು ಎಂದೂ ಕಂಡಿರದಷ್ಟು ಶಾಖದಲ್ಲಿ ಉರಿಯುತ್ತಿತ್ತು. ಆರು ತಬ್ಬನ್ನೂ ಒಂದೇ ಉಸಿರಿಗೆ ನುಂಗಿತು. ಮೇಲೆ ಕೊಪ್ಪರಿಗೆಯಲ್ಲಿ ರಸ ಕುದಿದು, ನೊರೆ ಒಮ್ಮೆಲೇ ಮೊಳಕಾಲೆತ್ತರ ಎದ್ದು ಅಂಚು ದಾಟಿತು. "ಮಾವೋ! ಇಳ್ಸು! ಉರಿ ಇಳ್ಸು!" ಎಂಬ ಧರ್ಮೇಂದ್ರನ ಕೂಗು, ಅದರ ಹಿಂದೆಯೇ ಇನ್ನೊಂದು ಕೂಗು. ಅದು ಮಾತಾಗಿರಲಿಲ್ಲ. ಕುದಿಯುವ ನೊರೆ ಧರ್ಮೇಂದ್ರನ ಎಡಗಾಲ ಮೇಲೆ ಬಿದ್ದಿತ್ತು.

ಎಲ್ಲರೂ ಓಡಿದರು. ಹೇಮಶ್ರೀ ತೊಟ್ಟಿಯಿಂದ ತಣ್ಣೀರು ಮೊಗೆದು ಮೊಗೆದು ಸುರಿದಳು. ಚಲುವರಾಜು ಧರ್ಮೇಂದ್ರನನ್ನು ಕಾರಿನಲ್ಲಿ ಪಾಂಡವಪುರಕ್ಕೆ ಕರೆದೊಯ್ದ. ಕೊಪ್ಪರಿಗೆಯಲ್ಲಿ ಉಳಿದದ್ದು ಸೀದು ಕರ್ರಗಾಗಿ, ವಾಸನೆ ರಸ್ತೆಯವರೆಗೂ ಹರಡಿತು. ಕುಳ್ಳಯ್ಯ ಗುಂಡಿಯಲ್ಲೇ ನಿಂತಿದ್ದ. ಯಾರೋ ಕೈಹಿಡಿದು ಮೇಲಕ್ಕೆಳೆದರು.

ಅಂದಿನಿಂದ ಮೂರು ದಿನ ಅವನು ಮನೆಯಿಂದ ಹೊರಗೆ ಬರಲಿಲ್ಲ. ಹೇಮಶ್ರೀ ಬಾಗಿಲಿಗೆ ಬಂದು ಕರೆದಳು. "ತಪ್ಪು ನಂದು, ನಿಮ್ಮ ಪಕ್ಕದಲ್ಲೇ ಇರ್ಬೇಕಿತ್ತು" ಎಂದಳು. ಕುಳ್ಳಯ್ಯ ಬಾಗಿಲು ತೆರೆಯಲಿಲ್ಲ. ಮೊದಲು ತನ್ನ ಬೆಂಕಿ ಕೆಟ್ಟದ್ದೆಂದರು. ಆಮೇಲೆ ಅದು ಹೆಂಡತಿಯನ್ನು ಸುಟ್ಟಿತು. ಈಗ ಅದೂ ಇಲ್ಲ. ಹೊಸ ಬೆಂಕಿಗೆ ಇವನ ಗುರುತಿಲ್ಲ, ಇವನಿಗೆ ಅದರ ಗುರುತಿಲ್ಲ. ಇನ್ನು ತಾನು ಯಾರು ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಬಾಗಿಲು ದಬ್ಬಿಕೊಂಡು ಒಳಗೆ ಬಂದವನು ಧರ್ಮೇಂದ್ರ. ಕಾಲಿಗೆ ಬ್ಯಾಂಡೇಜು, ಕೈಯಲ್ಲಿ ಕೋಲು.

"ಮಾವ, ಸುಟ್ಟಿರೋದು ನನ್ ಕಾಲು. ನೀನ್ಯಾಕೆ ಮನಗಿದ್ದೀಯಾ?"

ಕುಳ್ಳಯ್ಯ ಅವನ ಕಾಲು ನೋಡಿದ. "ನನ್ ಕಿವಿ ಓಯ್ತು ಕಣ್ಲಾ. ಆ ಬೆಂಕಿ ನಂಗೆ ಕೇಳಕ್ಕಿಲ್ಲ."

"ಕೇಳಾಗಂಟ ಕೂತ್ಕೊ. ಮೊದ್ಲು ಒಂದು ತಿಂಗ್ಳು ಕಣ್ಮುಚ್ಕಂಡು ಕೂತಿದ್ದೆ ಅಂತ ನೀನೇ ಏಳ್ತಿದ್ದಲ್ಲ? ಈಗ್ಲೂ ಕೂತ್ಕೊ. ಬ್ಯಾರೆ ಯಾವನ್ನೋ ತಂದು ಕೂರುಸ್ಬುಟ್ರೆ ನನ್ ಇನ್ನೊಂದು ಕಾಲೂ ಓಯ್ತದೆ."

ಕುಳ್ಳಯ್ಯ ಎದ್ದ. ಎರಡು ವಾರ ತನ್ನ ಮಗಳಿಗಿಂತ ಚಿಕ್ಕವಳಾದ ಹೇಮಶ್ರೀಯ ಪಕ್ಕದಲ್ಲಿ ಕೂತು ಕಲಿತ. ಕಷ್ಟವಾದದ್ದು ಕೈ ತಡೆಯುವುದು. ರಚ್ಚು ತಬ್ಬಿ ಹಿಡಿದು, ಹಾಕದೆ ಕಾಯಬೇಕು. ನಲವತ್ತು ವರ್ಷದ ತೋಳು ತಾನಾಗಿಯೇ ಮುಂದೆ ಹೋಗುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಿದ್ದ. ಹತ್ತನೆಯ ದಿನವೋ ಏನೋ, ಮುಚ್ಚಳ ಮುಚ್ಚಿ ಕೂತಿದ್ದಾಗ ಕೆಳಗಿನ ಗಾಳಿಕಿಂಡಿಯಿಂದ ಜೇನುಗೂಡಿನೊಳಗಿನಂಥ ಸಣ್ಣ ಗುಂಯ್ ಸದ್ದು ಬಂತು. ಅದು ನಿಧಾನಕ್ಕೆ ತೆಳುವಾಯಿತು. ಅವನು ಒಂದು ತಬ್ಬು ಹಾಕಿದ. ಸದ್ದು ಮತ್ತೆ ತುಂಬಿಕೊಂಡಿತು. ಹೇಮಶ್ರೀ ತನ್ನ ಯಂತ್ರ ನೋಡಿ ಅವನ ಕಡೆ ತಿರುಗಿದಳು. ಸರಿಯಾದ ಹೊತ್ತಿಗೇ ಹಾಕಿದ್ದ. "ಹೇಗೆ ಗೊತ್ತಾಯ್ತು?" ಎಂದಳು.

"ಶ್!" ಎಂದ ಕುಳ್ಳಯ್ಯ. "ಮಾತಾಡ್ತದೆ, ಸುಮ್ಕಿರವ್ವ."

ಈಗ ಹಿಂದೆ ಉರಿಸುತ್ತಿದ್ದುದರ ಅರ್ಧದಷ್ಟು ರಚ್ಚಿಗೇ ಬೆಲ್ಲ ಇಳಿಯುತ್ತದೆ. ಟೈರಿನ ಟ್ರಾಕ್ಟರು ಆ ಕಡೆ ತಲೆಹಾಕಿಲ್ಲ. ಎಲ್ಲವೂ ಒಳ್ಳೆಯದೇ ಆಯಿತು ಎಂದೇನಲ್ಲ. ಒಲೆಗೆ ಒಬ್ಬನೇ ಸಾಕಾದ್ದರಿಂದ, ಪಾಳಿ ಬದಲಾಯಿಸಿ ಉರಿ ಹಾಕುತ್ತಿದ್ದ ಜವರಯ್ಯನಿಗೆ ಕೆಲಸ ಇಲ್ಲವಾಯಿತು. ಕುಳ್ಳಯ್ಯ ಅವನ ಪರವಾಗಿ ಮಾತಾಡಿದ. ಚಲುವರಾಜು ಅಚ್ಚಿಗೆ ಬೆಲ್ಲ ಸುರಿಯುವ ಕೆಲಸ ಕೊಡುತ್ತೇನೆಂದ. ಜವರಯ್ಯ ಒಪ್ಪದೆ ಕಬ್ಬು ಕಡಿಯುವ ಗುಂಪಿಗೆ ಸೇರಿದ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಾನೆ, ಮೊದಲಿನಷ್ಟಲ್ಲ.

ಯುಗಾದಿ ಕಳೆದ ಮೇಲೆ ಕುಳ್ಳಮ್ಮ ಮನೆಗೆ ಬಂದಳು. ಬಸ್ಸಿಳಿದು ಆಲೆಮನೆಯ ಕಡೆ ನೋಡಿ, "ಯಾಕೆ, ಇವತ್ತು ಒಲೆ ಅಚ್ಚಿಲ್ವಾ?" ಎಂದು ಕೇಳಿದಳು. ಒಳಗೆ ಎರಡು ಕೊಪ್ಪರಿಗೆ ಕುದಿಯುತ್ತಿದ್ದವು.

ಹೋದ ಮಾಘದಲ್ಲಿ ಪಾಂಡವಪುರದ ಒಂದು ಛತ್ರದಲ್ಲಿ ಆಲೆಮನೆಯವರ ಸಭೆ ಕರೆದರು. ನಾಗಮಂಗಲ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ಎಲ್ಲ ಕಡೆಯಿಂದ ಬಂದಿದ್ದರು. ಅಂಕಿಅಂಶದ ಭಾಷಣಗಳಾದವು. ಜನ ಆಕಳಿಸಿದರು. ಆಮೇಲೆ ಹೇಮಶ್ರೀ ಮೈಕನ್ನು ಕುಳ್ಳಯ್ಯನ ಕೈಗಿಟ್ಟಳು. ಕುಳ್ಳಮ್ಮ ಮಗಳೊಂದಿಗೆ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳ ಕಾಯಿಲೆ ಯಾವುದರಿಂದ ಬಂತೆಂದು ಕುಳ್ಳಯ್ಯ ಅದುವರೆಗೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಹೇಳಲು ಬಾಯಿ ಬಂದಿರಲಿಲ್ಲ. ಅಲ್ಲಿ, ಇನ್ನೂರು ಜನರ ಮುಂದೆ, ಹೇಳಿದ. ಡಾಕ್ಟರು ಕೇಳಿದ ಪ್ರಶ್ನೆ, ಅವಳು ನಕ್ಕದ್ದು, ಮೂವತ್ತು ಹೆಜ್ಜೆ. "ನಾನು ಬೆಲ್ಲಕ್ಕೆ ಅಂತ ಆಕ್ದೆ. ಅದು ಎಂಡ್ರು ಎದೆಗೋಯ್ತು. ನಿಮ್ ನಿಮ್ ಮನೇಲಿ ಯಾರು ಕೆಮ್ತಾವ್ರೆ, ಓಗಿ ಒಂದು ಕಿತ ಕೇಳ್ಕಳಿ" ಎಂದು ಮೈಕು ಕೆಳಗಿಟ್ಟ. ಆಕಳಿಕೆ ನಿಂತಿತ್ತು. ಸಭೆ ಮುಗಿದ ಮೇಲೆ ಹನ್ನೊಂದು ಜನ ಹೇಮಶ್ರೀಯ ಬಳಿ ಹೆಸರು ಬರೆಸಿದರು. ಉಳಿದವರು ಊಟಕ್ಕೆ ನಡೆದರು.

ವಾಪಸು ಬಸ್ಸಿನಲ್ಲಿ ಕುಳ್ಳಯ್ಯ ಕಿಟಕಿಯ ಕಡೆ ಮುಖ ಮಾಡಿ ಕೂತ. ಹೆಂಡತಿಯನ್ನು ನೋಡಲು ಧೈರ್ಯವಿರಲಿಲ್ಲ. ಬಹಳ ದೂರ ಬಂದ ಮೇಲೆ, "ನಿಂಗೆ ಮೊದ್ಲೇ ಏಳ್ಬೇಕಾಗಿತ್ತು ಕಣಮ್ಮಿ" ಎಂದ.

"ಏನ?"

"ಅದೇ. ಟೈರಿಂದು. ನನ್ನಿಂದ್ಲೇ ಇಂಗಾಯ್ತು ಅಂತ."

ಕುಳ್ಳಮ್ಮ ಪಂಪನ್ನು ಸೆರಗಿನ ಗಂಟಿಗೆ ಸೇರಿಸುತ್ತಿದ್ದಳು. "ದಿನಾ ನಿನ್ ಅಂಗಿ ಒಗೀತಿದ್ದೋಳು ನಾನು. ಕಲ್ ಮ್ಯಾಲೆ ಕುಕ್ಕಿದ್ರೆ ಮಸಿ ಇಳ್ಯದು. ನಾನು ಕೆಮ್ಮುದ್ರೂ ಅದೇ ಮಸಿ ಬರದು. ನಂಗೆ ಗೊತ್ತಿರ್ನಿಲ್ಲ ಅಂದ್ಕಂಡಾ?"

ಕುಳ್ಳಯ್ಯ ಗಕ್ಕನೆ ತಿರುಗಿದ. "ಗೊತ್ತಿದ್ದೂ ಸುಮ್ಕಿದ್ದಾ? ಎಷ್ಟೊರ್ಸದಿಂದ?"

"ಐದಾರೊರ್ಸ."

"ಯಾಕ್ ಏಳ್ನಿಲ್ಲ?"

"ಏಳಿದ್ರೆ ಏನ್ ಮಾಡ್ತಿದ್ದೆ? ಉರಿ ಆಕೋದು ಬುಟ್ರೆ ನಿಂಗೆ ಇನ್ನೇನ್ ಬತ್ತಿತ್ತು?"

ಕುಳ್ಳಯ್ಯ ತನ್ನ ಎರಡೂ ಅಂಗೈ ಬಿಡಿಸಿ ನೋಡಿಕೊಂಡ. ಬಸ್ಸು ನಾಲೆಯ ಸೇತುವೆ ಹತ್ತಿತು, ಕಂಡಕ್ಟರು ಅವರ ಸ್ಟಾಪಿನ ಹೆಸರು ಕೂಗಿದ. ಕುಳ್ಳಮ್ಮ ಮೊದಲು ಎದ್ದು, ಸೀಟಿನ ಕಂಬಿ ಹಿಡಿದು, ಅವನ ತೋಳಿಗೆ ತಿವಿದು, "ಏಳು, ಇಳಿಯನ" ಎಂದಳು.